ಹಲ್ಲಲ್ಲಿ ಹಿಡಿದ ತುದಿ

ಕಲಬುರಗಿ ಜಿಲ್ಲೆಯ ಚಿಂಚೋಳಿಯಲ್ಲೋ ಸೇಡಂನಲ್ಲೋ ಈಗಿನ ಮದುವೆಗೆ ಹಿಂದಿನ ದಿನವೇ ಹೋದರೆ ಮದುಮಗನನ್ನು ಎರಡು ವೇಷದಲ್ಲಿ ನೋಡಬಹುದು. ರಾತ್ರಿ ಫಂಕ್ಷನ್ ಹಾಲಿನ ರಿಸೆಪ್ಷನ್‌ನಲ್ಲಿ ಕಪ್ಪು ಸೂಟು, ಕೊರಳಿಗೆ ಚಿಟ್ಟೆಯಂತೆ ಕುಳಿತ ಬೋ ಟೈ. ಬೆಳಿಗ್ಗೆ ಅಕ್ಕಿಕಾಳಿನ ಹೊತ್ತಿಗೆ ತಲೆಗೆ ರುಮಾಲು, ಅದರ ಮೇಲೆ ಬಾಸಿಂಗ. ಒಂದು ಗಂಟಿನ ಉಡುಗೆ, ಇನ್ನೊಂದು ಸುತ್ತಿನ ಉಡುಗೆ. ಆದರೆ ಬಹಳಷ್ಟು ಮದುವೆಗಳಲ್ಲಿ ಇವೆರಡನ್ನೂ ಯಾರೂ ಕಟ್ಟಿರುವುದಿಲ್ಲ. ಬೋ ಟೈಯ ಹಿಂದೆ ಎಲಾಸ್ಟಿಕ್ ಪಟ್ಟಿ, ಪಟ್ಟಿಯ ತುದಿಗೆ ಕೊಕ್ಕೆ. ರುಮಾಲಿನ ಒಳಗೆ ರಟ್ಟು, ರಟ್ಟಿಗೆ ಅಂಟಿಸಿ ಹೊಲಿದ ಬಟ್ಟೆ. ಕೊಕ್ಕೆ ಸಿಕ್ಕಿಸಿದರೆ ಟೈ ಆಯಿತು, ತಲೆಗೆ ಇಟ್ಟರೆ ರುಮಾಲು ಆಯಿತು.

ಕಟ್ಟದೆಯೇ ತೊಡುವ ಈ ರೂಢಿ ಮದುವೆಗಿಂತ ಬಹಳ ಮೊದಲೇ ಶುರುವಾಗುತ್ತದೆ. ಚಿತ್ತಾಪುರ, ವಾಡಿ, ಶಹಾಬಾದಿನ ಕಾನ್ವೆಂಟುಗಳಿಗೆ ಬೆಳಿಗ್ಗೆ ಆಟೋದಲ್ಲಿ ಹೋಗುವ ಮಕ್ಕಳ ಕೊರಳನ್ನು ನೋಡಿ: ಗಂಟು ಹಾಕಿಯೇ ಅಂಗಡಿಯಿಂದ ಬಂದ ಟೈ, ಎಳೆದರೆ ಹಿಗ್ಗುವ ದಾರ. ಹತ್ತು ವರ್ಷ ಟೈ ಕಟ್ಟಿದ ಹುಡುಗನಿಗೂ ಟೈ ಕಟ್ಟಲು ಬರುವುದಿಲ್ಲ.

ಮೊದಲು ಬೋ ಟೈಯ ಮಾತನ್ನೇ ಮುಗಿಸೋಣ. ಅದರ ಹಿರಿಯ ‘ಕ್ರವಾಟ್’. 17ನೇ ಶತಮಾನದಲ್ಲಿ ಫ್ರಾನ್ಸಿನ ಪರವಾಗಿ ಕಾದಾಡಲು ಬಂದ ಕ್ರೊಯೇಷಿಯಾದ ಸೈನಿಕರು ಕೊರಳಿಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದರು. ಪ್ಯಾರಿಸ್ಸಿನವರು ಅದನ್ನು ಮೆಚ್ಚಿ ತಾವೂ ಕಟ್ಟಿಕೊಂಡರು, ಆ ಸೈನಿಕರ ನಾಡಿನ ಹೆಸರನ್ನೇ ಬಟ್ಟೆಗೂ ಇಟ್ಟರು. ಬೋ ಟೈ ಕಟ್ಟುವುದು ಮಂತ್ರವಿದ್ಯೆಯೇನೂ ಅಲ್ಲ. ಬೂಟಿನ ಲೇಸು ಕಟ್ಟಲು ಬರುವವರಿಗೆಲ್ಲ ಅದು ಆಗಲೇ ಬರುತ್ತದೆ, ಏಕೆಂದರೆ ಎರಡೂ ಒಂದೇ ಗಂಟು. ಒಂದು ತುದಿಯನ್ನು ಎರಡು ಬೆರಳಿನಷ್ಟು ಉದ್ದ ಬಿಟ್ಟು ಕೊರಳಿಗೆ ಹಾಕಿಕೊಳ್ಳಬೇಕು. ಉದ್ದದ್ದನ್ನು ಗಿಡ್ಡದರ ಮೇಲೆ ಹಾಯಿಸಿ, ಕೆಳಗಿನಿಂದ ತೂರಿಸಿ ಮೇಲಕ್ಕೆ ಎಳೆದುಕೊಳ್ಳಬೇಕು. ಗಿಡ್ಡ ತುದಿಯನ್ನು ಅಡ್ಡಕ್ಕೆ ಮಡಚಿ ಚಿಟ್ಟೆಯ ಮುಂದಿನ ರೆಕ್ಕೆ ಮಾಡಿ, ಉದ್ದ ತುದಿಯನ್ನು ಅದರ ನಡುವೆ ಇಳಿಬಿಟ್ಟು, ಅದನ್ನೂ ಮಡಚಿ ಹಿಂದಿನ ಸಂದಿಗೆ ತುರುಕಬೇಕು. ಕಲಿಯುವವರು ತಪ್ಪುವುದು ಈ ಕೊನೆಯ ಹೆಜ್ಜೆಯಲ್ಲಿ. ಕನ್ನಡಿಯಲ್ಲಿ ಎಡ-ಬಲ ಅದಲುಬದಲಾಗಿ ಕಾಣುವುದರಿಂದ ಕೈ ಗಲಿಬಿಲಿಗೊಳ್ಳುತ್ತದೆ. ಹಾಗಾಗಿ ಬಲ್ಲವರು ಮೊದಲ ಪಾಠವನ್ನು ಕೊರಳಲ್ಲಿ ಹೇಳಿಕೊಡುವುದಿಲ್ಲ. ಕುರ್ಚಿಯಲ್ಲಿ ಕುಳಿತು ಮೊಣಕಾಲಿನ ಮೇಲಿನ ತೊಡೆಗೆ ಕಟ್ಟಿ ನೋಡು ಎನ್ನುತ್ತಾರೆ. ಕೈ ಕಣ್ಣೆದುರಿಗಿರುತ್ತದೆ, ಬೆರಳಿಗೆ ದಾರಿ ಗೊತ್ತಾಗುತ್ತದೆ. ಆಮೇಲೆ ಕೊರಳಿಗೆ ಬಂದರೆ ಕನ್ನಡಿಯೇ ಬೇಕಾಗುವುದಿಲ್ಲ.

ಗಂಟುಗಳ ಮೇಲೆ ವಿಜ್ಞಾನಿಗಳೂ ಮನಸ್ಸಿಟ್ಟಿದ್ದಾರೆ. ಕೇಂಬ್ರಿಜ್‌ನ ಥಾಮಸ್ ಫಿಂಕ್ ಮತ್ತು ಯೋಂಗ್ ಮಾವೋ ಎಂಬ ಭೌತವಿಜ್ಞಾನಿಗಳು 1999ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಲೆಕ್ಕ ಹಾಕಿ ತೋರಿಸಿದರು: ಸಾಮಾನ್ಯ ಉದ್ದದ ಟೈಯನ್ನು 85 ಬಗೆಯಲ್ಲಿ ಕಟ್ಟಬಹುದು. ಬೂಟಿನ ಲೇಸು ತಾನಾಗಿ ಬಿಚ್ಚಿಕೊಳ್ಳುವುದು ಏಕೆಂದು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ತಂಡ 2017ರಲ್ಲಿ ಬರೆಯಿತು. ಹೆಜ್ಜೆ ನೆಲಕ್ಕೆ ಬಿದ್ದಾಗಿನ ಪೆಟ್ಟು ಗಂಟನ್ನು ಸಡಿಲಿಸುತ್ತದೆ, ಜೋಲಾಡುವ ತುದಿಗಳು ಅದನ್ನು ಎಳೆದು ಬಿಚ್ಚುತ್ತವೆ. ಎರಡನೇ ಸುತ್ತು ಮೊದಲನೆಯದರ ಎದುರು ದಿಕ್ಕಿಗೆ ಹೋದರೆ ಗಂಟು ಚಪ್ಪಟೆಯಾಗಿ, ಬಿಗಿಯಾಗಿ ಕೂರುತ್ತದೆ. ಅದೇ ದಿಕ್ಕಿಗೆ ಹೋದರೆ ಸೊಟ್ಟಗಾಗಿ ಬೇಗ ಸಡಿಲಾಗುತ್ತದೆ. ಕೈಯಿಂದ ಕಟ್ಟಿದ ಬೋ ಟೈ ಕೆಲವರ ಕೊರಳಲ್ಲಿ ಅಡ್ಡ ಕೂರದೆ ಉದ್ದಕ್ಕೆ ನಿಲ್ಲುವುದು ಈ ಒಂದು ತಪ್ಪಿನಿಂದಲೇ.

ಬೋ ಟೈ ಈ ಸೀಮೆಗೆ ನೆಂಟ. ಮನೆಯ ಮಗ ರುಮಾಲು.

ಮೈಸೂರು ಕಡೆಯವರಿಗೆ ರುಮಾಲು ಎಂದರೆ ಜೇಬಿನ ಕರವಸ್ತ್ರ ನೆನಪಾಗಬಹುದು. ಕಲಬುರಗಿ ಸೀಮೆಯಲ್ಲಿ ಅದು ತಲೆಯ ಉಡುಗೆ. ಪದ ಪಾರಸಿಯದು: ‘ರೂ’ ಎಂದರೆ ಮುಖ, ‘ಮಾಲ್’ ಎಂದರೆ ಒರೆಸುವುದು. ಮುಖ ಒರೆಸುವ ಬಟ್ಟೆಯೇ ತಲೆಗೇರಿತು. 1347ರಲ್ಲಿ ಬಹಮನಿಗಳು ಕಲಬುರಗಿಯಲ್ಲಿ ನೆಲೆಯೂರಿದ ಮೇಲೆ ಶತಮಾನಗಳ ಕಾಲ ಪಾರಸಿ ಆಡಳಿತದ ನುಡಿಯಾಗಿದ್ದ ಸೀಮೆಯಿದು. ದಫ್ತರು, ಜಮೀನು, ದರಬಾರಿನ ಜೊತೆ ರುಮಾಲೂ ಕನ್ನಡದ್ದೇ ಆಗಿಹೋಯಿತು. ಅದರ ಸುತ್ತ ಪಟಕಾ, ಪಾಗು, ಪಗಡಿ, ಪೇಟ, ಮುಂಡಾಸು ಎಂದು ಒಂದು ಸಂಸಾರವೇ ಇದೆ. ಇಳಿಬಿಟ್ಟ ತುದಿಗೆ ಚುಂಗು ಎನ್ನುತ್ತಾರೆ, ನೆತ್ತಿಯ ಮೇಲೆ ಕೋಳಿಯ ಜುಟ್ಟಿನಂತೆ ಎದ್ದು ನಿಲ್ಲುವುದಕ್ಕೆ ತುರಾಯಿ. ಪದಗಳ ಪಯಣ ಎಲ್ಲಿಂದ ಎಲ್ಲಿಗೂ ಹೋಗುತ್ತದೆ. ಟರ್ಕಿಯ ಜನ ತಲೆಗೆ ಸುತ್ತುವ ತೆಳುಬಟ್ಟೆಗೆ ಹೇಳುವ ಹೆಸರಿನಿಂದಲೇ ಟ್ಯುಲಿಪ್ ಹೂವಿಗೂ ಯುರೋಪಿನಲ್ಲಿ ಹೆಸರು ಬಂತು. ಹೂವಿನ ಆಕಾರ ಅವರಿಗೆ ರುಮಾಲಿನಂತೆ ಕಂಡಿತ್ತು.

ಕಲಬುರಗಿ ಜಿಲ್ಲೆಯಲ್ಲಿ ಏಪ್ರಿಲ್, ಮೇ ತಿಂಗಳೆಂದರೆ 42 ಡಿಗ್ರಿ ಬಿಸಿಲು ಹೊಸದಲ್ಲ. ಶಹಾಬಾದಿನ ಕಲ್ಲಿನ ಗಣಿಯಲ್ಲಿ, ಸೇಡಂನ ತೊಗರಿ ಹೊಲದಲ್ಲಿ ದುಡಿಯುವವರ, ಮುಲ್ಲಾಮಾರಿ ಹೊಳೆಯ ದಂಡೆಯಲ್ಲಿ ಕುರಿ ಕಾಯುವವರ ನೆತ್ತಿಗೆ ಆ ಬಿಸಿಲು ನೇರ ಬೀಳುತ್ತದೆ. ಹತ್ತಿ ಬಟ್ಟೆಯ ಏಳೆಂಟು ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ ಕಾವನ್ನು ಒಳಗೆ ಬಿಡುವುದಿಲ್ಲ. ಒಳಪದರ ಹೀರಿದ ಬೆವರು ನಿಧಾನವಾಗಿ ಆರುತ್ತ ತಲೆಯನ್ನು ತಂಪಾಗಿಡುತ್ತದೆ. ಬಾವಿಯ ನೀರಿನಲ್ಲಿ ಒಮ್ಮೆ ಅದ್ದಿ ಹಿಂಡಿ ಸುತ್ತಿಕೊಂಡರೆ ಇನ್ನಷ್ಟು ಹಿತ. ಮಡಕೆಯ ನೀರು ತಣ್ಣಗಾಗುವ ಕಾರಣವೇ ಇಲ್ಲಿಯೂ ಕೆಲಸ ಮಾಡುತ್ತದೆ.

ಬಿಚ್ಚಿದರೆ ಅದು ಮತ್ತೆ ಬರೀ ಬಟ್ಟೆ, ಅದರ ದೊಡ್ಡಸ್ತಿಕೆ ಇರುವುದೇ ಅಲ್ಲಿ. ಸುರುಳಿ ಮಾಡಿದರೆ ಕಲ್ಲು ಹೊರುವವನ ಸಿಂಬಿ. ಎಳ್ಳ ಅಮವಾಸ್ಯೆಗೆ ಹೊಲಕ್ಕೆ ಹೊರಟವರ ಸಜ್ಜೆ ರೊಟ್ಟಿಯ ಗಂಟು. ಗಿಡದ ನೆರಳಲ್ಲಿ ಹಾಸಿದರೆ ಹಾಸಿಗೆ, ಚಳಿಗೆ ಕಿವಿಮುಚ್ಚು, ಸೊಂಟಕ್ಕೆ ಬಿಗಿದರೆ ನಡುಕಟ್ಟು. ಮಳೆ ಬಂದರೆ ಕೂಸಿನ ಮೈಮೇಲೆ ಹೊದಿಕೆ. ರಟ್ಟಿನ ರುಮಾಲಿಗೆ ಈ ಯಾವ ಜನ್ಮವೂ ಇಲ್ಲ. ಅದು ರುಮಾಲಿನ ಆಕಾರದಲ್ಲಿರುವ ಟೋಪಿ, ಅಷ್ಟೆ. ಕೈಯಿಂದ ಸುತ್ತುವುದನ್ನು ಕಲಿಯಬೇಕು ಎನ್ನಲು ಇದಕ್ಕಿಂತ ಬೇರೆ ಕಾರಣ ಹುಡುಕಬೇಕಿಲ್ಲ.

ಕಲಿಯುವುದು ಹೇಗೆ? ಮೊದಲು ಬಟ್ಟೆ. ತೆಳುವಾದ ಹತ್ತಿಯದ್ದು, ಮಲ್ಮಲ್ ಆದರೆ ಉತ್ತಮ. ದಿನದ ಸುತ್ತಿಗೆ ಮೂರ್ನಾಲ್ಕು ಮೀಟರ್ ಸಾಕು. ಮದುವೆ, ಜಾತ್ರೆಯ ದೊಡ್ಡ ಪಟಕಾ ಎಂಟು ಮೀಟರ್‌ಗೂ ಹೋಗುತ್ತದೆ. ಅಂಗಡಿಯಿಂದ ತಂದ ಹೊಸ ಬಟ್ಟೆಯಲ್ಲಿ ಗಂಜಿಯಿರುತ್ತದೆ, ತಲೆಯ ಮೇಲೆ ಜಾರುತ್ತದೆ. ಎರಡು ಮೂರು ಸಲ ಒಗೆದು ಮೆತ್ತಗಾದ ಬಟ್ಟೆ ತಲೆಯನ್ನು ಹಿಡಿಯುತ್ತದೆ. ಕಲಿಯುವವರು ಎಣ್ಣೆ ಹಚ್ಚಿದ ತಲೆಯ ಮೇಲೆ ಪ್ರಯೋಗ ಮಾಡಬಾರದು.

ಎರಡನೆಯದು ಮಡಿಕೆ, ಇದಕ್ಕೆ ಇಬ್ಬರು ಬೇಕು. ಒಬ್ಬರು ಆ ತುದಿ, ಒಬ್ಬರು ಈ ತುದಿ ಹಿಡಿದು, ಜಗ್ಗಿ, ಅಗಲವನ್ನು ನೆರಿಗೆ ನೆರಿಗೆಯಾಗಿ ಕೂಡಿಸಿಕೊಳ್ಳುತ್ತ ನಾಲ್ಕು ಬೆರಳಿನ ಪಟ್ಟಿ ಮಾಡಬೇಕು. ಒಬ್ಬರೇ ಇದ್ದರೆ ಒಂದು ತುದಿಯನ್ನು ಬಾಗಿಲ ಚಿಲಕಕ್ಕೋ ಕಿಟಕಿಯ ಸರಳಿಗೋ ಕಟ್ಟಿಕೊಳ್ಳಬಹುದು. ಕೆಲವರು ನೆರಿಗೆಯ ಬದಲು ಹುರಿ ಹಾಕುತ್ತಾರೆ. ಹುರಿ ಮಾಡಿದ ಸುತ್ತು ಹಗ್ಗದಂತೆ ಗಟ್ಟಿ, ನೆರಿಗೆಯದು ಮೆತ್ತಗೆ. ದುಡಿಯುವ ತಲೆಗೆ ಮೊದಲನೆಯದು, ಶುಭಕಾರ್ಯಕ್ಕೆ ಎರಡನೆಯದು ಹೆಚ್ಚು ಒಪ್ಪುತ್ತದೆ.

ಮೂರನೆಯದು ತುದಿ. ಶುರುವಿನ ತುದಿಯನ್ನು ಎರಡು ಗೇಣಿನಷ್ಟು ಮುಂದಕ್ಕೆ ಬಿಟ್ಟು ಹಲ್ಲಲ್ಲಿ ಕಚ್ಚಿ ಹಿಡಿಯಬೇಕು. ಎರಡೂ ಕೈ ಸುತ್ತುವ ಕೆಲಸಕ್ಕೆ ಬೇಕಾದ್ದರಿಂದ ಹಲ್ಲೇ ಮೂರನೇ ಕೈ. ಹಲ್ಲಿನಿಂದ ಬಟ್ಟೆ ನೆತ್ತಿಯ ಮೇಲೆ ಹಾದು ಹಿಂದಕ್ಕೆ ಹೋಗುತ್ತದೆ, ಅಲ್ಲಿಂದ ಸುತ್ತು ಆರಂಭ. ಮುತ್ಯಾ, ಅಂದರೆ ಅಜ್ಜ, ಎದುರಿಗಿದ್ದರೆ ಇಷ್ಟರಲ್ಲಿ ನಾಲ್ಕು ಸಲ ಹೇಳಿರುತ್ತಾರೆ: “ನೆಟ್ಟಗ ಸುತ್ತಬ್ಯಾಡೋ, ವಾರಿ ಸುತ್ತು!”

ಈ ‘ವಾರಿ’ಯಲ್ಲೇ ರುಮಾಲಿನ ಗುಟ್ಟೆಲ್ಲ ಇದೆ. ಮನುಷ್ಯನ ತಲೆ ಕೊಡದಂತೆ ನೇರವಾದ ಗೋಡೆಯಿರುವ ವಸ್ತುವಲ್ಲ. ಕಿವಿಯ ಮೇಲೆ ಅಗಲ, ಅಲ್ಲಿಂದ ಮೇಲಕ್ಕೆ ತತ್ತಿಯಂತೆ ಕಿರಿದಾಗುತ್ತದೆ. ನೆಲಕ್ಕೆ ಸಮನಾಗಿ ಬಳೆಯಂತೆ ಸುತ್ತಿದರೆ ಬಿಗಿದಷ್ಟೂ ಬಟ್ಟೆ ಮೇಲಕ್ಕೆ ಜಾರಿ ಕೊನೆಗೆ ಕಳಚಿ ಬರುತ್ತದೆ. ಓರೆಯಾಗಿ ಸುತ್ತಿದರೆ ಹಾಗಾಗುವುದಿಲ್ಲ. ಒಂದು ಸುತ್ತು ಎಡಗಡೆ ಹಣೆಯ ಮೇಲೆ ಏರಿ ಹೆಡತಲೆಯ ಉಬ್ಬಿನ ಕೆಳಗೆ ಇಳಿಯಬೇಕು. ಮುಂದಿನದು ಬಲಗಡೆ ಏರಿ ಅದೇ ಉಬ್ಬಿನ ಕೆಳಗೆ ಇಳಿಯಬೇಕು. ಹಣೆಯ ನಡುವೆ ಎರಡೂ ಕತ್ತರಿ ಹಾಕುತ್ತವೆ. ಹೆಡತಲೆಯ ಉಬ್ಬು ಹಿಂದೆ ಕೊಂಡಿಯಂತೆ ಹಿಡಿಯುತ್ತದೆ, ಮುಂದೆ ಕತ್ತರಿ ಹಿಡಿಯುತ್ತದೆ. ಪ್ರತಿ ಸುತ್ತೂ ಹಿಂದಿನದನ್ನು ಪೂರ್ತಿ ಮುಚ್ಚದೆ ಒಂದು ಬೆರಳಿನಷ್ಟು ಬಿಡುತ್ತ ಹೋದರೆ ಹಣೆಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ನೆರಿಗೆಗಳು ಕಾಣುತ್ತವೆ.

ಹೀಗೆ ಸುತ್ತಿದ ರುಮಾಲಿಗೆ ಗಂಟೇ ಇಲ್ಲ. ಪಿನ್ನಿಲ್ಲ, ಗುಂಡಿಯಿಲ್ಲ. ಕೊನೆಯ ತುದಿಯನ್ನು ಒಂದು ಸುತ್ತಿನ ಒಳಗೆ ತುರುಕಿದರೆ ಮುಗಿಯಿತು. ಆದರೂ ಅದು ಹೊಲ ಉಳುವಾಗ, ಕೋಲಾಟ ಆಡುವಾಗ, ಮೊಹರಂನಲ್ಲಿ ಹಲಗೆಯ ಬಡಿತಕ್ಕೆ ಹೆಜ್ಜೆ ಹಾಕುವಾಗ ಬಿಚ್ಚಿ ಬೀಳುವುದಿಲ್ಲ. ಏಕೆ ಎಂಬುದಕ್ಕೆ ಉತ್ತರ ಎತ್ತು ಕಟ್ಟುವ ಗೂಟದಲ್ಲಿದೆ. ಬೆದರಿದ ಹೋರಿಯ ಹಗ್ಗವನ್ನು ಕೈಯಲ್ಲಿ ಹಿಡಿದು ನಿಲ್ಲಿಸಲಾಗದು. ಅದೇ ಹಗ್ಗವನ್ನು ಗೂಟಕ್ಕೆ ಎರಡು ಸುತ್ತು ಹಾಕಿ ತುದಿ ಹಿಡಿದರೆ ಹುಡುಗನೂ ನಿಲ್ಲಿಸಬಲ್ಲ. ಪ್ರತಿ ಸುತ್ತಿಗೂ ಹಿಡಿತ ಕೂಡುತ್ತ ಹೋಗುವುದಿಲ್ಲ, ಗುಣಿಸುತ್ತ ಹೋಗುತ್ತದೆ. 18ನೇ ಶತಮಾನದಲ್ಲಿ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಇದಕ್ಕೆ ಸೂತ್ರ ಬರೆದ. ಹಗ್ಗಕ್ಕೂ ಕಂಬಕ್ಕೂ ನಡುವಿನ ಘರ್ಷಣ ಗುಣಾಂಕ 0.3 ಎಂದುಕೊಂಡರೆ ಒಂದು ಸುತ್ತಿಗೆ ಹಿಡಿತ ಸುಮಾರು ಆರೂವರೆ ಪಟ್ಟು, ಎರಡಕ್ಕೆ 43 ಪಟ್ಟು, ಮೂರಕ್ಕೆ 280 ಪಟ್ಟಿಗೂ ಮೇಲೆ. ತಲೆ ನೆಟ್ಟಗಿನ ಕಂಬವಲ್ಲವಾದ್ದರಿಂದ ಈ ಅಂಕಿಯನ್ನು ರುಮಾಲಿಗೆ ಹಾಗೆಯೇ ಅಂಟಿಸಲಾಗದು. ಆದರೆ ಕೆಲಸ ಮಾಡುವುದು ಅದೇ ತತ್ವ. ಐದಾರು ಸುತ್ತಿನ ಬಟ್ಟೆಯನ್ನು ಹಿಡಿದಿಡಲು ಕೊನೆಯ ತುದಿಯ ಮೇಲೆ ಬೀಳಬೇಕಾದ ಒತ್ತಡ ತೀರ ಅಲ್ಪ. ಬರೀ ತುರುಕಿದರೆ ಸಾಕಾಗುವುದು ಅದಕ್ಕೇ. ಹೊಸಬರು ಇದನ್ನು ನಂಬದೆ ಪ್ರತಿ ಸುತ್ತನ್ನೂ ಬಲವಾಗಿ ಜಗ್ಗುತ್ತಾರೆ, ಅರ್ಧ ಗಂಟೆಯಲ್ಲಿ ತಲೆನೋವು ಬರಿಸಿಕೊಳ್ಳುತ್ತಾರೆ. ಸುತ್ತು ಮೈಗೆ ತಾಗಬೇಕು, ಮೈಯನ್ನು ಹಿಂಡಬಾರದು.

ಸುತ್ತು ಮುಗಿದ ಮೇಲೆ ಹಲ್ಲಲ್ಲಿದ್ದ ತುದಿ ಬಿಡುವ ಹೊತ್ತು. ಅದನ್ನು ಮೇಲಕ್ಕೆತ್ತಿ, ಅಗಲಿಸಿ, ನೆತ್ತಿಯ ಬಯಲನ್ನು ಮುಚ್ಚಿ ಹಿಂದೆ ಸಿಕ್ಕಿಸಬೇಕು. ಅದನ್ನೇ ಮೇಲೆ ನಿಲ್ಲಿಸಿದರೆ ತುರಾಯಿ. ಇನ್ನೊಂದು ತುದಿಯನ್ನು ಬೆನ್ನಿಗೆ ಬಿಟ್ಟರೆ ಚುಂಗು. ಮೊದಲ ದಿನದ ರುಮಾಲು ಒಂದು ಕಿವಿ ಮುಚ್ಚಿರುತ್ತದೆ, ಇನ್ನೊಂದು ಬಿಟ್ಟಿರುತ್ತದೆ. ಮೂರನೇ ಸಂಜೆಗೆ ಹಣೆಯ ಮೇಲೆ ಕತ್ತರಿ ಮೂಡುತ್ತದೆ. ಇಲ್ಲಿಯೂ ಮೊಣಕಾಲಿನ ಉಪಾಯ ನಡೆಯುತ್ತದೆ: ಕಾಲು ಮಡಚಿ ಕುಳಿತು ಮೊಣಕಾಲನ್ನೇ ತಲೆಯೆಂದು ತಿಳಿದು ಸುತ್ತಿದರೆ ಓರೆ ಯಾವುದು, ಕತ್ತರಿ ಎಲ್ಲಿ ಎಂಬುದು ಕಣ್ಣಿಗೆ ಕಾಣುತ್ತದೆ. ಬೋ ಟೈ ಕಲಿಯುವ ದೂರದೇಶದವನ ತೊಡೆಯೂ ರುಮಾಲು ಕಲಿಯುವ ಚಿಂಚೋಳಿಯ ಹುಡುಗನ ಮೊಣಕಾಲೂ ಮಾಡುವುದು ಒಂದೇ ಗುರುವಿನ ಕೆಲಸ.

ಸುತ್ತುವ ಬಟ್ಟೆಯ ಬೆಲೆ ಎಷ್ಟು ದೊಡ್ಡದು ಎಂಬುದಕ್ಕೆ 1893ನೇ ಇಸವಿಯೊಂದೇ ಸಾಕು. ಆ ವರ್ಷದ ಮೇ ತಿಂಗಳಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್ ನ್ಯಾಯಾಲಯದಲ್ಲಿ ಮ್ಯಾಜಿಸ್ಟ್ರೇಟನು 23ರ ಹರೆಯದ ಮೋಹನದಾಸ ಗಾಂಧಿಗೆ ಪೇಟ ತೆಗೆಯಲು ಹೇಳಿದ. ಗಾಂಧಿ ತೆಗೆಯಲಿಲ್ಲ, ಹೊರಗೆ ನಡೆದರು. ಅದೇ ಸೆಪ್ಟೆಂಬರಿನಲ್ಲಿ ಷಿಕಾಗೋ ಸರ್ವಧರ್ಮ ಸಮ್ಮೇಳನದ ವೇದಿಕೆಯಲ್ಲಿ ಸ್ವಾಮಿ ವಿವೇಕಾನಂದರ ಪೇಟ ಜಗತ್ತಿನ ಕಣ್ಣಿಗೆ ಬಿತ್ತು. ಅವರಿಗೂ ಅದು ಹುಟ್ಟಿನಿಂದ ಬಂದದ್ದಲ್ಲ, ಕಲಿತದ್ದು. ಬಂಗಾಳದವರಿಗೆ ಪೇಟ ದಿನದ ಉಡುಗೆಯಲ್ಲ. 1891ರಲ್ಲಿ ರಾಜಸ್ಥಾನದಲ್ಲಿ ಸ್ನೇಹಿತರಾದ ಖೇತ್ರಿಯ ರಾಜ ಅಜಿತ್ ಸಿಂಗ್ ಅಲ್ಲಿನ ಬಿಸಿಗಾಳಿಗೆ ತಡೆಯಾಗಲೆಂದು ಪೇಟ ಸುತ್ತಿಕೊಳ್ಳಲು ಹೇಳಿದರು ಎಂದು ಅವರ ಜೀವನಚರಿತ್ರೆಗಳಲ್ಲಿ ಬರುತ್ತದೆ. ಮೂವತ್ತರ ಹತ್ತಿರ ಬಂದ ಮೇಲೂ ಒಬ್ಬರು ಇನ್ನೊಬ್ಬರಿಂದ ಇದನ್ನು ಕಲಿಯಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಿಕ್ಕಿಲ್ಲ.

ಚಿಂಚೋಳಿ ಸೀಮೆ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, 1956ರಲ್ಲಿ ಕನ್ನಡ ರಾಜ್ಯಕ್ಕೆ ಸೇರಿತು. ಸಂಸ್ಥಾನದ ದರಬಾರಿಗೆ ಹೋಗುವವರಿಗೆ ದಸ್ತಾರ್ ಎಂಬ ಪೇಟವೂ ಬಗಲೂಸ್ ಎಂಬ ಸೊಂಟಪಟ್ಟಿಯೂ ಕಡ್ಡಾಯವಾಗಿದ್ದವು. ಮೈಸೂರಿನ ದರಬಾರಿನಲ್ಲಿ ಕಪ್ಪು ಉದ್ದ ಕೋಟು, ಜರತಾರಿ ಪೇಟ. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಾಂತ ಚಿತ್ರದಲ್ಲಿ ಕೊರಳಿಗೆ ಪಶ್ಚಿಮದ ಟೈ, ತಲೆಗೆ ಮೈಸೂರು ಪೇಟ. ಎರಡೂ ಒಬ್ಬರ ಮೈಮೇಲೆ ಒಂದಕ್ಕೊಂದು ಮುನಿಯದೆ ಕೂತಿವೆ. ಮದುಮಗನ ರಾತ್ರಿಯ ವೇಷವನ್ನೂ ಬೆಳಗಿನ ವೇಷವನ್ನೂ ಒಟ್ಟಿಗೆ ತೊಟ್ಟಂತೆ.

ಸಿದ್ಧ ಉಡುಗೆಯನ್ನು ಹೊಸಗಾಲದ ಪಾಪವೆಂದು ಬೈಯುವುದು ಸರಿಯಲ್ಲ. ಐದು ಶತಮಾನದ ಹಿಂದೆಯೇ ವಿಜಯನಗರದ ದೊರೆಗಳು ಕುಳ್ಳಾಯಿ ಎಂಬ ಎತ್ತರದ ಟೋಪಿ ತೊಡುತ್ತಿದ್ದರು. ತಿರುಮಲೆಯ ಕೃಷ್ಣದೇವರಾಯನ ಪ್ರತಿಮೆಯಲ್ಲೂ ಲೇಪಾಕ್ಷಿಯ ಚಿತ್ರಗಳಲ್ಲೂ ಅದನ್ನು ನೋಡಬಹುದು. ಅದರ ಹೆಸರೂ ಪಾರಸಿಯ ‘ಕುಲಾಹ್’ನಿಂದ ಬಂದದ್ದು. ಪುಣೆಯ ಪಗಡಿ ಟೋಪಿಯಂತೆ ಸಿದ್ಧವಾಗಿಯೇ ಬರುತ್ತದೆ. ಅದನ್ನು ಕಟ್ಟುವ ಕುಶಲಕರ್ಮಿಗಳ ಕೆಲಸಕ್ಕೆ 2009ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಅಲ್ಲಿ ಕಟ್ಟುವ ಕೈ ಇದೆ, ತೊಡುವವನದಲ್ಲ ಅಷ್ಟೆ. ರಟ್ಟಿನ ಮೇಲೆ ಅಂಟು ಬಳಿದು ನೂರಾರು ಮಾಡಿಟ್ಟು, ಸನ್ಮಾನದ ವೇದಿಕೆಯ ಮೇಲೆ ಶಾಲು-ಹಾರದ ಜೊತೆ ಒಬ್ಬೊಬ್ಬರ ತಲೆಗೂ ಇಡುವ ‘ಮೈಸೂರು ಪೇಟ’ದಲ್ಲಿ ಆ ಕೈಯೂ ಇಲ್ಲ. ಎಲ್ಲರ ತಲೆಗೂ ಒಂದೇ ಅಳತೆಯಾದ್ದರಿಂದ ಒಬ್ಬರಿಗೆ ಹುಬ್ಬಿಗಿಳಿಯುತ್ತದೆ, ಇನ್ನೊಬ್ಬರಿಗೆ ನೆತ್ತಿಯಲ್ಲೇ ನಿಲ್ಲುತ್ತದೆ. ಫೋಟೊ ತೆಗೆಯುವವರೆಗೆ ಹಿರಿಯರು ಅದನ್ನು ಒಂದು ಕೈಯಲ್ಲಿ ಹಿಡಿದುಕೊಂಡಿರುವುದನ್ನು ನೋಡಿದರೆ ಮನಸ್ಸಿಗೆ ನೋವಾಗುತ್ತದೆ. ಗೌರವಿಸುವುದಕ್ಕೆಂದೇ ತಂದ ವಸ್ತು ಆ ತಲೆಯ ಅಳತೆಯನ್ನೇ ಕೇಳಿರುವುದಿಲ್ಲ.

ಕೈ ಬಿಡದೆ ಉಳಿಸಿಕೊಂಡವರೂ ದೂರವಿಲ್ಲ. ಚಿಂಚೋಳಿಯ ಪಕ್ಕದ ಜಿಲ್ಲೆ ಬೀದರ್. ಅಲ್ಲಿನ ಗುರುನಾನಕ್ ಝೀರಾ ಗುರುದ್ವಾರಕ್ಕೆ ದೇಶದ ಎಲ್ಲೆಡೆಯಿಂದ ಸಿಖ್ಖರು ಬರುತ್ತಾರೆ. 1699ರಲ್ಲಿ ಗುರು ಗೋಬಿಂದ ಸಿಂಗರ ಕರೆಗೆ ತಲೆ ಕೊಡಲು ಎದ್ದು ನಿಂತ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು. ಸಿಖ್ಖರಲ್ಲಿ ದಸ್ತಾರ್ ಪ್ರತಿದಿನ ಹೊಸದಾಗಿ ಸುತ್ತುವಂಥದ್ದು. ಬಿಚ್ಚುವಾಗಲೂ ಟೋಪಿಯಂತೆ ಎತ್ತಿಡದೆ ಪದರ ಪದರವಾಗಿ ಬಿಚ್ಚುವುದು ಅವರ ರೀತಿ. ನೆರಿಗೆ ಕೂಡಿಸಲು ಮನೆಯವರೊಬ್ಬರು ಇನ್ನೊಂದು ತುದಿ ಹಿಡಿಯುತ್ತಾರೆ. ಸುತ್ತಿನ ಅಂಚುಗಳನ್ನು ಒಳಗೆ ತಳ್ಳಿ ಸರಿಪಡಿಸಲು ಸಲಾಯಿ ಎಂಬ ಸಣ್ಣ ಕಡ್ಡಿ ಇದೆ. ಹುಡುಗ ಮೊದಲ ಬಾರಿ ದಸ್ತಾರ್ ಧರಿಸುವ ದಿನ ‘ದಸ್ತಾರ್ ಬಂದಿ’ ಎಂಬ ಕಾರ್ಯವನ್ನೇ ಮಾಡುತ್ತಾರೆ. ಕಲಿಕೆಗೆ ಹೀಗೊಂದು ದಿನ ಗೊತ್ತುಮಾಡಿದ್ದರಿಂದಲೇ ಅದು ತಲೆಮಾರಿನಿಂದ ತಲೆಮಾರಿಗೆ ದಾಟಿದೆ.

ಕರಾವಳಿಯಲ್ಲಿ ಸುತ್ತುವುದನ್ನು ಕಲಿಸುವ ಜಾಗ ಯಕ್ಷಗಾನದ ಚೌಕಿ, ಅಂದರೆ ವೇಷ ಕಟ್ಟಿಕೊಳ್ಳುವ ಕೋಣೆ. ಬಡಗುತಿಟ್ಟಿನ ಕರ್ಣ, ಅರ್ಜುನರ ಮುಂಡಾಸು ದಳದಾಕಾರದಲ್ಲಿ ತಲೆಯ ಮೇಲೆ ಅರಳಿ ನಿಲ್ಲುತ್ತದೆ. ವೇಷಧಾರಿ ಆಟದ ರಾತ್ರಿ ದೀಪದೆದುರು ಕುಳಿತು, ಬಟ್ಟೆ ಸುತ್ತಿ, ಜರಿಯ ಪಟ್ಟಿ ಬಿಗಿದು ಅದನ್ನು ತನ್ನ ತಲೆಯ ಮೇಲೆಯೇ ಕಟ್ಟಿಕೊಳ್ಳುತ್ತಾನೆ. ಬೆಳಗಾದರೆ ಬಿಚ್ಚುತ್ತಾನೆ. ಎಳೆಯ ಕಲಾವಿದ ಹೆಜ್ಜೆ, ಮಾತು ಕಲಿಯುವಂತೆಯೇ ಮುಂಡಾಸನ್ನೂ ಕಲಿಯಬೇಕು.

ಬಟ್ಟೆಯ ಕಡೆಯೂ ಒಮ್ಮೆ ನೋಡಬೇಕು. ಚಿಂಚೋಳಿಯ ಗಡಿ ದಾಟಿದರೆ ತೆಲಂಗಾಣ. ಆ ರಾಜ್ಯದ ಪುಟ್ಟಪಾಕ ಎಂಬ ಊರಿನ ನೇಕಾರರು ‘ತೇಲಿಯಾ ರುಮಾಲ್’ ನೇಯುತ್ತಾರೆ. ನೂಲನ್ನು ಎಣ್ಣೆಯಲ್ಲಿ ಹದ ಮಾಡಿ, ನೇಯುವ ಮೊದಲೇ ಎಳೆಗಳಿಗೆ ಗಂಟು ಬಿಗಿದು ಬಣ್ಣ ಹಾಕುವ ಕುಸುರಿ ಅದು. ಕೆಂಪು, ಕಪ್ಪು, ಬಿಳಿ ಅದರ ಮೂರು ಬಣ್ಣ. ಬಿಸಿಲು ನಾಡಾದ ಅರಬಸ್ತಾನಕ್ಕೆ ತಲೆವಸ್ತ್ರವಾಗಿ ರಫ್ತಾಗುತ್ತಿದ್ದ ಈ ಬಟ್ಟೆಗೆ 2020ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ರುಮಾಲನ್ನು ಕೊಂಡು ತರುವವರಿಗೆ ಹೀಗೆ ಇಂದಿಗೂ ಮಗ್ಗದ ಬಟ್ಟೆಯ ದಾರಿ ಮುಚ್ಚಿಲ್ಲ.

ಊರಿನಲ್ಲಿ ರುಮಾಲು ತಲೆಯಿಂದ ಇಳಿದುದಕ್ಕೆ ಕಾರಣಗಳು ಹಲವು. ಗಾಂಧಿ ಟೋಪಿ ಬಂತು, ಕ್ರಾಪು ಬಂತು, ಆಮೇಲೆ ಬೈಕು ಬಂತು. ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಹೆಲ್ಮೆಟ್‌ನಿಂದ ವಿನಾಯಿತಿ ಕೊಡುವುದು ಪೇಟ ಧರಿಸಿದ ಸಿಖ್ಖರಿಗೆ, ಹೊಲಕ್ಕೆ ಹೊರಟ ರೈತನ ರುಮಾಲಿಗಲ್ಲ. ಜೀವ ಉಳಿಸುವ ಹೆಲ್ಮೆಟ್ ತಲೆಗೆ ಬರಲೇಬೇಕು. ಕೈಯಿಂದ ಸುತ್ತಿದ ರುಮಾಲಿಗೆ ಇದರಿಂದ ತೊಂದರೆಯೇನೂ ಇಲ್ಲ. ಬಿಚ್ಚಿ ಹೆಗಲಿಗೆ ಹಾಕಿಕೊಂಡು ಬೈಕು ಹತ್ತಿದರೆ ಹೊಲ ಮುಟ್ಟಿದ ಮೇಲೆ ಮತ್ತೆ ಸುತ್ತಿಕೊಳ್ಳಬಹುದು.

ಹಾಗೆಂದು ಸುತ್ತುವ ಕೈ ಪೂರ್ತಿ ಸತ್ತಿಲ್ಲ. ತೊಗರಿ ರಾಶಿಯ ದಿನಗಳಲ್ಲಿ ರಸ್ತೆ ಬದಿಯ ಹೊಲದಲ್ಲಿ ಒಂದು ಗಳಿಗೆ ನಿಂತರೆ ಸಾಕು. ಜೀನ್ಸ್ ತೊಟ್ಟ ಹುಡುಗರ ತಲೆಗೂ ಟವೆಲ್ ಸುತ್ತಿದೆ, ಧೂಳಿಗೆ ಹೆದರಿ ಸೀರೆಯ ಮೇಲೆ ಅಂಗಿ ತೊಟ್ಟ ಹೆಣ್ಣುಮಕ್ಕಳ ತಲೆಗೂ ಸುತ್ತಿದೆ. ಅವರಿಗೆ ಯಾರೂ ಹೇಳಿಕೊಟ್ಟಿಲ್ಲ, ಆದರೂ ಸುತ್ತು ವಾರಿಯಾಗಿದೆ, ತುದಿ ಒಳಗೆ ಸಿಕ್ಕಿದೆ. ಒಂದೂವರೆ ಮೀಟರ್ ಟವೆಲ್ಲಿಗೂ ನಾಲ್ಕು ಮೀಟರ್ ಮಲ್ಮಲ್ಲಿಗೂ ಇರುವುದು ಉದ್ದದ ವ್ಯತ್ಯಾಸ ಮಾತ್ರ. ಕಲಿಯಬೇಕೆನ್ನುವವರು ಟವೆಲ್ಲಿನಿಂದಲೇ ಆರಂಭಿಸುವುದು ಒಳ್ಳೆಯದು. ಆಮೇಲೆ ಮನೆಯ ಪೆಟ್ಟಿಗೆಯಲ್ಲಿ ಮುತ್ಯಾನದೋ ಕಾಕಾನದೋ ಹಳೆಯ ರುಮಾಲು ಮಡಚಿಟ್ಟದ್ದು ಸಿಕ್ಕರೆ, ಅದನ್ನು ತೊಳೆದು ಹೊರಗೆ ತರಬೇಕು. ಸುತ್ತಲು ಬರುವವರು ಇನ್ನೂ ಇದ್ದಾರೆ, ಊರಿಗೆ ನಾಲ್ಕು ಮಂದಿಯಾದರೂ ಸಿಗುತ್ತಾರೆ. ಅವರ ಕೈ ನೋಡಿ ಕಲಿಯುವುದಕ್ಕೂ ವಿಡಿಯೊ ನೋಡಿ ಕಲಿಯುವುದಕ್ಕೂ ಬಹಳ ಅಂತರವಿದೆ. ಎಷ್ಟು ಬಿಗಿ ಸಾಕು ಎಂಬುದನ್ನು ವಿಡಿಯೊ ಹೇಳಲಾರದು. ಹಿಂದೆ ನಿಂತು ತಲೆ ಮುಟ್ಟಿದ ಕೈ ಒಂದೇ ಸಲಕ್ಕೆ ಹೇಳಿಬಿಡುತ್ತದೆ.

ಬಿಚ್ಚುವುದೂ ಪಾಠದ ಭಾಗ. ಮೊದಲು ಚುಂಗು, ಆಮೇಲೆ ಹೊರಗಿನ ಸುತ್ತು, ಹೀಗೆ ಸುತ್ತಿದ್ದಕ್ಕೆ ತಿರುಗುಮುರುಗಾಗಿ ಬಿಚ್ಚುತ್ತ ಬಟ್ಟೆಯನ್ನು ಅಂಗೈ ಮತ್ತು ಮೊಣಕೈ ನಡುವೆ ಹಗ್ಗದಂತೆ ಸುತ್ತಿಕೊಳ್ಳಬೇಕು. ಬೆವರಿನ ಬಟ್ಟೆಯನ್ನು ಹಾಗೆಯೇ ಮಡಚಿಟ್ಟರೆ ಕಲೆ ಉಳಿಯುತ್ತದೆ. ತಣ್ಣೀರಿನಲ್ಲಿ ಜಾಲಾಡಿ ನೆರಳಲ್ಲಿ ಒಣಹಾಕಬೇಕು. ಪೂರ್ತಿ ಒಣಗುವ ಮೊದಲೇ, ಇನ್ನೂ ತುಸು ಹಸಿಯಿರುವಾಗ ಅದನ್ನು ಜಗ್ಗಿ ನೆರಿಗೆ ಕೂಡಿಸಿದರೆ ಮರುದಿನಕ್ಕೆ ಇಸ್ತ್ರಿ ಬೇಡ. ಅಂಗಳದಲ್ಲಿ ಆ ಕಡೆಯ ತುದಿ ಹಿಡಿಯಲು ಸಾಮಾನ್ಯವಾಗಿ ಮನೆಯ ಸಣ್ಣ ಹುಡುಗನನ್ನು ಕೂಗುತ್ತಾರೆ. ಅವನು ಎರಡೂ ಕೈಯಲ್ಲಿ ಬಟ್ಟೆ ಹಿಡಿದು ಹಿಮ್ಮಡಿ ಊರಿ ಹಿಂದಕ್ಕೆ ವಾಲಿ ನಿಲ್ಲುತ್ತಾನೆ. ಈ ತುದಿಯಿಂದ ಮುತ್ಯಾ ಹೇಳುತ್ತಾರೆ: “ಜಗ್ಗಿ ಹಿಡಿ ತಮ್ಮಾ, ಬಿಡಬ್ಯಾಡ.”